ರೋಗಿಯ ಸುರಕ್ಷತೆ: ಫೈಲಿನಲ್ಲಿರುವ ನೀತಿ ಹಾಸಿಗೆಯ ಪಕ್ಕಕ್ಕೆ ಬರುವುದು ಹೇಗೆ?

ಪ್ರಶ್ನೆ: ನಾನು ನರ್ಸಿಂಗ್ ಮೇಲ್ವಿಚಾರಕಿ. ಇತ್ತೀಚೆಗೆ ನಮ್ಮ ಆಸ್ಪತ್ರೆಯ ರೋಗಿ ಸುರಕ್ಷತಾ ಸಮಿತಿಗೆ ನನ್ನನ್ನು ಸೇರಿಸಿದ್ದಾರೆ. ರಾಷ್ಟ್ರೀಯ ನೀತಿಯ ಪ್ರತಿ ಫೈಲಿನಲ್ಲಿದೆ. ಚೆಕ್‌ಲಿಸ್ಟ್ ತುಂಬುತ್ತೇವೆ, ತರಬೇತಿ ಕೊಡುತ್ತೇವೆ, ಗೋಡೆ ತುಂಬಾ ಪೋಸ್ಟರ್ ಇವೆ. ಆದರೂ ಅವೇ ತಪ್ಪುಗಳು ಮತ್ತೆ ಮತ್ತೆ ಆಗುತ್ತಿವೆ. ಇಂಥ ನೀತಿಗಳಿಂದ ರೋಗಿಗೆ ನಿಜಕ್ಕೂ ಲಾಭ ಇದೆಯಾ? ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ಲಾಭ ಇದೆ, ಆದರೆ ಎಲ್ಲ ನೀತಿಗಳಿಂದಲೂ ಅಲ್ಲ. ಯಾವುದೇ ನೀತಿ ಓದಿದಾಗ ನಾನು ಮೂರು ವಿಷಯ ಹುಡುಕುತ್ತೇನೆ. ಡ್ಯೂಟಿಯಲ್ಲಿರುವ ನರ್ಸ್ ಕೈಗೆ ಸಿಗುವ ವಸ್ತುಗಳನ್ನು ಇದು ಬದಲಿಸುತ್ತದಾ? ಆಕೆ ನೋಡಿಕೊಳ್ಳಬೇಕಾದ ರೋಗಿಗಳ ಸಂಖ್ಯೆಯನ್ನು ಬದಲಿಸುತ್ತದಾ? ಆಕೆ ಹೆದರದೆ ಬಾಯಿಬಿಟ್ಟು ಹೇಳಬಹುದಾದ ಮಾತು ಜಾಸ್ತಿ ಆಗುತ್ತದಾ? ಮೂರರಲ್ಲಿ ಒಂದೂ ಆಗದಿದ್ದರೆ ಆ ನೀತಿ ಫೈಲಿನಲ್ಲೇ ಉಳಿಯುತ್ತದೆ. ನೀವು ಬರೆದದ್ದು ನೋಡಿದರೆ ನಿಮ್ಮಲ್ಲೂ ಹೀಗೇ ಆಗಿರಬೇಕು.

ಸಮಸ್ಯೆ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಚಿಕಿತ್ಸೆ ಪಡೆಯುವ 10 ಜನರಲ್ಲಿ ಸುಮಾರು ಒಬ್ಬರಿಗೆ ಆ ಆರೈಕೆಯಿಂದಲೇ ಏನಾದರೊಂದು ಹಾನಿಯಾಗುತ್ತದೆ. ಅಸುರಕ್ಷಿತ ಆರೈಕೆಯಿಂದ ಜಗತ್ತಿನಲ್ಲಿ ವರ್ಷಕ್ಕೆ 30 ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಾರೆ. ಈ ಹಾನಿಯಲ್ಲಿ ಅರ್ಧದಷ್ಟನ್ನು ತಡೆಯಬಹುದಿತ್ತು ಅನ್ನುವುದೇ ನೋವಿನ ಸಂಗತಿ. 1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ತಂದಿತು. ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದು ಎಂದಿತು. ಸುದ್ದಿಯಾದದ್ದು ಆ ಅಂಕಿ. ಆದರೆ ವರದಿಯ ತಿರುಳು ಬೇರೆಯೇ ಇತ್ತು. ತಪ್ಪು ಮಾಡುವವರು ಕೆಟ್ಟ ಜನರಲ್ಲ, ಅವರು ಕೆಲಸ ಮಾಡುವ ವ್ಯವಸ್ಥೆಯೇ ತಪ್ಪಿಗೆ ದಾರಿ ಮಾಡಿಕೊಡುತ್ತದೆ ಎಂದು ಅದು ಸ್ಪಷ್ಟವಾಗಿ ಹೇಳಿತ್ತು.

ಆಮೇಲೆ ದೇಶದೇಶಗಳಲ್ಲಿ ನೀತಿಗಳು ಬಂದವು. ಆಸ್ಪತ್ರೆಯಲ್ಲಾದ ತಪ್ಪು, ಅವಘಡಗಳನ್ನು ಸಿಬ್ಬಂದಿ ವರದಿ ಮಾಡುವ ರಾಷ್ಟ್ರಮಟ್ಟದ ವ್ಯವಸ್ಥೆಯನ್ನು ಇಂಗ್ಲೆಂಡ್ 2003ರಲ್ಲಿ ಶುರು ಮಾಡಿತು. ಡೆನ್ಮಾರ್ಕಿನ ರೋಗಿ ಸುರಕ್ಷತಾ ಕಾಯ್ದೆ 2004ರಲ್ಲಿ ಜಾರಿಗೆ ಬಂತು. ಭಾರತ 2018ರಿಂದ 2025ರ ಅವಧಿಗೆ ಒಂದು ರಾಷ್ಟ್ರೀಯ ಚೌಕಟ್ಟು ಹಾಕಿಕೊಂಡಿತು. 2019ರಿಂದ ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನ. 2021ರಿಂದ 2030ರವರೆಗಿನ ಜಾಗತಿಕ ಕ್ರಿಯಾ ಯೋಜನೆಯನ್ನೂ ದೇಶಗಳು ಒಪ್ಪಿಕೊಂಡಿವೆ. ಅಂದರೆ ನೀತಿಗೆ ಕೊರತೆ ಇಲ್ಲ. ಅದು ವಾರ್ಡಿಗೆ ಇಳಿಯುವಾಗ ಏನಾಗುತ್ತದೆ ಅನ್ನುವುದಕ್ಕೆ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಈ ಚೆಕ್‌ಲಿಸ್ಟಿನಲ್ಲಿ ಇರುವುದು 19 ಅಂಶ, ಮೂರು ನಿಲುಗಡೆ. ಅರಿವಳಿಕೆ ಕೊಡುವ ಮೊದಲು ಒಮ್ಮೆ, ಕತ್ತರಿ ಹಾಕುವ ಮೊದಲು ಒಮ್ಮೆ, ರೋಗಿಯನ್ನು ಓಟಿಯಿಂದ (ಆಪರೇಷನ್ ಕೋಣೆಯಿಂದ) ಹೊರಗೆ ಕಳಿಸುವ ಮೊದಲು ಒಮ್ಮೆ. ಇದನ್ನು ದೆಹಲಿ, ಮನಿಲಾ, ಅಮ್ಮಾನ್, ಲಂಡನ್, ಸಿಯಾಟಲ್, ಟೊರಾಂಟೊ, ಆಕ್ಲೆಂಡ್ ಮತ್ತು ಟಾಂಜಾನಿಯಾದ ಇಫಕಾರಾ ಹೀಗೆ ಎಂಟು ಊರುಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದರು. 2009ರಲ್ಲಿ ಪ್ರಕಟವಾದ ಫಲಿತಾಂಶ ಅದ್ಭುತವಾಗಿತ್ತು. ಶಸ್ತ್ರಚಿಕಿತ್ಸೆಯ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು. ತೊಡಕುಗಳು ಶೇ. 11ರಿಂದ ಶೇ. 7ಕ್ಕೆ ಇಳಿದವು. ಸಹಜವಾಗಿಯೇ ಸರ್ಕಾರಗಳು ಇದನ್ನು ಕಡ್ಡಾಯ ಮಾಡಲು ಮುಂದಾದವು.

ಕೆನಡಾದ ಒಂಟಾರಿಯೊ ಪ್ರಾಂತ್ಯ ಹಾಗೆ ಮಾಡಿತು. ಅಲ್ಲಿನ 101 ಆಸ್ಪತ್ರೆಗಳನ್ನು ನೋಡಿದ ಅಧ್ಯಯನ 2014ರಲ್ಲಿ ಬಂತು. ಚೆಕ್‌ಲಿಸ್ಟ್ ಬಳಸುತ್ತಿದ್ದೇವೆ ಎಂದು ಬಹುತೇಕ ಎಲ್ಲ ಆಸ್ಪತ್ರೆಗಳೂ ವರದಿ ಮಾಡಿದ್ದವು. ಸಾವು, ತೊಡಕುಗಳಲ್ಲಿ ಮಾತ್ರ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಅದೇ ಕಾಗದ, ಅದೇ ಸಾಲುಗಳು! ಅಧ್ಯಯನದ ಅವಧಿ ಚಿಕ್ಕದಿತ್ತು ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಓಟಿಯಲ್ಲಿ ನಿಂತು ನೋಡಿದವರಿಗೆ ಈ ಫಲಿತಾಂಶದಿಂದ ಆಶ್ಚರ್ಯವಾಗುವುದಿಲ್ಲ. ಸರ್ಜನ್ ಇನ್ನೂ ಕೈ ತೊಳೆಯುತ್ತಿರುತ್ತಾರೆ. ಅರಿವಳಿಕೆ ತಜ್ಞರು ಫೋನಿನಲ್ಲಿರುತ್ತಾರೆ. ಸಿಸ್ಟರ್ ಒಬ್ಬರೇ ಮೂಲೆಯಲ್ಲಿ ನಿಂತು ಎಲ್ಲ ಚೌಕಗಳಿಗೂ ಟಿಕ್ ಹಾಕುತ್ತಾರೆ. ಕೆಲವೊಮ್ಮೆ ಆಪರೇಷನ್ ಮುಗಿದ ಮೇಲೆ ಹಾಕುತ್ತಾರೆ. ಕಡತ ಪೂರ್ತಿ, ಸುರಕ್ಷತೆ ಸೊನ್ನೆ.

ಚೆಕ್‌ಲಿಸ್ಟಿನ ಜೀವ ಇರುವುದು ಆ ನಿಲುಗಡೆಯಲ್ಲಿ. ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಒಂದು ನಿಮಿಷ ನಿಲ್ಲಬೇಕು. ಹೆಸರು ಹೇಳಿಕೊಳ್ಳಬೇಕು. ಯಾವ ಕಡೆಯ ಕಾಲು, ಯಾವ ಕಡೆಯ ಮೂತ್ರಪಿಂಡ ಅನ್ನುವುದನ್ನು ಜೋರಾಗಿ ಹೇಳಬೇಕು. ಹೆಸರು ಹೇಳಿಕೊಳ್ಳುವುದು ಔಪಚಾರಿಕತೆ ಅನ್ನಿಸಬಹುದು. ಹಾಗಲ್ಲ. ಆರಂಭದಲ್ಲಿ ಒಮ್ಮೆ ಬಾಯಿ ತೆರೆದ ಕಿರಿಯ ಸಿಸ್ಟರ್‌ಗೆ, ಅರ್ಧ ಗಂಟೆಯ ನಂತರ "ಸರ್, ಒಂದು ಗಾಜ್ ಬಟ್ಟೆ ಲೆಕ್ಕಕ್ಕೆ ಸಿಗುತ್ತಿಲ್ಲ" ಅನ್ನಲು ಧೈರ್ಯ ಬರುತ್ತದೆ. ಅಮೆರಿಕದ ಸೌತ್ ಕ್ಯಾರೊಲಿನಾದಲ್ಲಿ ಕೆಲವು ಆಸ್ಪತ್ರೆಗಳು ತಾವಾಗಿಯೇ ಮುಂದೆ ಬಂದು, ತಂಡವನ್ನು ತಯಾರು ಮಾಡಿ, ತಮ್ಮ ಓಟಿಗೆ ಹೊಂದುವಂತೆ ಚೆಕ್‌ಲಿಸ್ಟ್ ತಿದ್ದಿಕೊಂಡು ಬಳಸಿದವು. ಈ ಕಾರ್ಯಕ್ರಮ ಪೂರ್ತಿ ಮಾಡಿದ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಸಾವು, ಉಳಿದ ಆಸ್ಪತ್ರೆಗಳಿಗೆ ಹೋಲಿಸಿದರೆ ಶೇ. 22ರಷ್ಟು ಕಡಿಮೆಯಾಯಿತು. ಹಾಗಾಗಿ ನಿಮ್ಮ ಚೆಕ್‌ಲಿಸ್ಟ್ ತುಂಬಿದೆಯಾ ಎಂದು ನೋಡಬೇಡಿ. ಓಟಿಯೊಳಗೆ ಹೋಗಿ ನಿಂತು, ಎಲ್ಲರೂ ನಿಲ್ಲುತ್ತಾರಾ ನೋಡಿ.

ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳ ಕಥೆಯೂ ಇದೇ ಹೇಳುತ್ತದೆ. ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನಿನಿಂದ ರಕ್ತಕ್ಕೆ ಸೋಂಕು ಹತ್ತುತ್ತಿತ್ತು. ಪೀಟರ್ ಪ್ರೊನೊವೊಸ್ಟ್ ಎಂಬ ವೈದ್ಯರು ಮತ್ತು ಅವರ ತಂಡ ಐದು ಕೆಲಸಗಳನ್ನು ಆರಿಸಿಕೊಂಡರು. ಕೈ ತೊಳೆಯುವುದು, ಗೌನ್ ಮತ್ತು ದೊಡ್ಡ ಹೊದಿಕೆ ಬಳಸುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ರೋಗಾಣುನಾಶಕದಿಂದ ಚರ್ಮ ಒರೆಸುವುದು, ಆದಷ್ಟು ತೊಡೆಸಂದಿನ ರಕ್ತನಾಳ ಬಿಡುವುದು, ಬೇಡವಾದ ಲೈನನ್ನು ಬೇಗ ತೆಗೆಯುವುದು. ಇದರಲ್ಲಿ ಯಾರಿಗೂ ಗೊತ್ತಿಲ್ಲದ್ದು ಒಂದೂ ಇಲ್ಲ ಅಲ್ವಾ? ಹೊಸದು ಇದ್ದದ್ದು ಬೇರೆ ಕಡೆ. ಬೇಕಾದ ಸಾಮಾನೆಲ್ಲ ಒಂದೇ ಗಾಡಿಯಲ್ಲಿ ಜೋಡಿಸಿಟ್ಟರು. ವೈದ್ಯರು ಒಂದು ಹಂತ ಬಿಟ್ಟರೆ ನಿಲ್ಲಿಸುವ ಅಧಿಕಾರ ನರ್ಸ್‌ಗೆ ಕೊಟ್ಟರು. ಸೋಂಕಿನ ಸಂಖ್ಯೆಯನ್ನು ಆಯಾ ಐಸಿಯುಗೆ ತಪ್ಪದೆ ತಿಳಿಸಿದರು. 2006ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಪ್ರತಿ 1,000 ಲೈನ್-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್-ದಿನ) ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಬಂದಿತ್ತು.

ನಾನು ಅರಿವಳಿಕೆ ವಿಭಾಗದವನು. ಹಾಗಾಗಿ ವಸ್ತುಗಳ ವಿಚಾರಕ್ಕೆ ನನ್ನ ಒಲವು ಸ್ವಲ್ಪ ಜಾಸ್ತಿ. ನಮ್ಮ ಕ್ಷೇತ್ರ ಸುರಕ್ಷಿತವಾದದ್ದು ನಾವು ಬೇರೆಯವರಿಗಿಂತ ಎಚ್ಚರದ ಜನ ಅಂತಲ್ಲ. ಆಮ್ಲಜನಕದ ಸಿಲಿಂಡರಿನ ಜಾಗದಲ್ಲಿ ನೈಟ್ರಸ್ ಆಕ್ಸೈಡ್ ಎಂಬ ಅರಿವಳಿಕೆ ಅನಿಲದ ಸಿಲಿಂಡರ್ ಕೂರಿಸಲು ಹೋದರೆ ಅದು ಕೂರುವುದೇ ಇಲ್ಲ. ಪಿನ್ನುಗಳ ಜಾಗ ಬೇರೆ ಬೇರೆ. ನಿದ್ದೆಗಣ್ಣಿನಲ್ಲೂ ಆ ತಪ್ಪು ಮಾಡುವುದು ಕಷ್ಟ. ಸುರಕ್ಷತೆ ಅಂದರೆ ನನ್ನ ಮಟ್ಟಿಗೆ ಇದು.

ಇದನ್ನು ಔಷಧಕ್ಕೆ ಅನ್ವಯಿಸಿ ನೋಡಿ. ಗಾಢ ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ ಅನ್ನು ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲುತ್ತದೆ. ಅದರ ಆಂಪೂಲ್, ಅಂದರೆ ಇಂಜೆಕ್ಷನ್ ಔಷಧದ ಚಿಕ್ಕ ಶೀಶೆ, ನೋಡಲು ಸಲೈನ್ ಅಥವಾ ಡಿಸ್ಟಿಲ್ಡ್ ವಾಟರ್ ಆಂಪೂಲಿನಂತೆಯೇ ಇರಬಹುದು. "ಎಚ್ಚರಿಕೆಯಿಂದ ಬಳಸಿ" ಎಂದು ಸುತ್ತೋಲೆ ಕಳಿಸಬಹುದು. ಅಥವಾ ಅದನ್ನು ಸಾಮಾನ್ಯ ವಾರ್ಡುಗಳ ಕಪಾಟಿನಿಂದಲೇ ತೆಗೆದು, ಮೊದಲೇ ಬೆರೆಸಿದ ಬಾಟಲಿ ಮಾತ್ರ ಕೊಡಬಹುದು. ಎರಡನೆಯದೇ ನಿಜವಾದ ಕ್ರಮ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧವೂ ಹಾಗೆಯೇ. ಅದು ರಕ್ತನಾಳಕ್ಕೆ ಹೋಗಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ರೋಗಿ ಉಳಿಯುವುದು ತೀರಾ ಅಪರೂಪ. ಅದನ್ನು ಸಿರಿಂಜಿನಲ್ಲಿ ಕಳಿಸದೆ ಚಿಕ್ಕ ಡ್ರಿಪ್ ಚೀಲದಲ್ಲಿ ಬೆರೆಸಿ ಕಳಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಎಚ್ಚರಿಸಿತ್ತು. ಡ್ರಿಪ್ ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ.

ಬರವಣಿಗೆಯಲ್ಲೂ ಇಂಥ ಬದಲಾವಣೆ ಸಾಧ್ಯ, ಅದಕ್ಕೆ ಖರ್ಚೂ ಇಲ್ಲ. ಇನ್ಸುಲಿನ್ ಪ್ರಮಾಣದ ಮುಂದೆ ಯೂನಿಟ್ ಅನ್ನುವುದಕ್ಕೆ ಬರೀ ಇಂಗ್ಲಿಷಿನ ಯು ಅಕ್ಷರ ಬರೆದರೆ ಅದು ಸೊನ್ನೆಯಂತೆ ಕಂಡು 4 ಯೂನಿಟ್ 40 ಆಗುತ್ತದೆ. 1.0 ಎಂದು ಬರೆದರೆ ಚುಕ್ಕೆ ಮಾಸಿ 10 ಆಗುತ್ತದೆ. .5 ಎಂದು ಬರೆದರೆ 5 ಆಗುತ್ತದೆ. ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ದಿನಾ ನುಂಗಿ ಸತ್ತವರಿದ್ದಾರೆ. ಚೀಟಿಯಲ್ಲಿ ಸೋಮವಾರ, ಮಂಗಳವಾರ ಹೀಗೆ ವಾರದ ಹೆಸರನ್ನೇ ಬರೆಯಬೇಕು. ರೋಗಿಯ ಗುರುತು ಕೇಳುವಾಗಲೂ ಅಷ್ಟೇ. "ನೀವು ಇಂಥವರು ಅಲ್ವಾ?" ಎಂದರೆ ಅರೆಮಂಪರಿನಲ್ಲಿರುವವರು, ಕಿವಿ ಕೇಳದವರು ಎಲ್ಲರೂ ಹೂಂ ಅನ್ನುತ್ತಾರೆ. "ನಿಮ್ಮ ಹೆಸರು ಹೇಳಿ" ಎಂದು ಕೇಳಿ, ಕೈಪಟ್ಟಿಯ ನೋಂದಣಿ ಸಂಖ್ಯೆಯ ಜೊತೆ ಹೋಲಿಸಬೇಕು. ಹಾಸಿಗೆ ನಂಬರ್ ಗುರುತಲ್ಲ. ರೋಗಿಗಳನ್ನು ರಾತ್ರೋರಾತ್ರಿ ಬೇರೆ ಹಾಸಿಗೆಗೆ ಬದಲಿಸುತ್ತಾರೆ.

ಪೋಸ್ಟರ್ ಬಗ್ಗೆ ಬರೆದಿದ್ದೀರಿ. ಪೋಸ್ಟರ್ ಪೂರ್ತಿ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಗಳಲ್ಲಿ ಪೋಸ್ಟರ್ ಹಾಕಿದರು. ಜೊತೆಗೆ ಹಾಸಿಗೆಯ ಪಕ್ಕದಲ್ಲೇ ಕೈಗೆ ಹಚ್ಚುವ ಆಲ್ಕೊಹಾಲ್ ಹ್ಯಾಂಡ್‌ರಬ್ ಇಟ್ಟರು. ಯಾರು ಎಷ್ಟು ಸಲ ಕೈ ಶುಚಿ ಮಾಡುತ್ತಾರೆ ಎಂದು ನೋಡಿ ತಿಳಿಸಿದರು. 1994ರಿಂದ 1997ರ ನಡುವೆ ಕೈ ಶುಚಿ ಮಾಡುವ ಪ್ರಮಾಣ ಶೇ. 48ರಿಂದ ಶೇ. 66ಕ್ಕೆ ಏರಿತು. 1994ರಲ್ಲಿ ಶೇ. 16.9 ಇದ್ದ ಆಸ್ಪತ್ರೆಯಲ್ಲಿ ಹತ್ತುವ ಸೋಂಕು 1998ರ ಹೊತ್ತಿಗೆ ಶೇ. 9.9ಕ್ಕೆ ಇಳಿಯಿತು. ಸಿಂಕ್ ವಾರ್ಡಿನ ಆ ತುದಿಯಲ್ಲಿದ್ದರೆ ಪೋಸ್ಟರ್ ಓದಿ ಏನು ಮಾಡುವುದು?

ಇನ್ನು ನರ್ಸ್‌ಗಳ ಸಂಖ್ಯೆ. ಇದನ್ನು ಸುರಕ್ಷತೆಯ ಸಭೆಗಳಲ್ಲಿ ಎತ್ತಿದರೆ "ಅದು ಆಡಳಿತದ ವಿಷಯ" ಎಂದು ಬದಿಗಿಡುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಮೇಲೆ ನರ್ಸಿಂಗ್ ಸಂಶೋಧಕಿ ಲಿಂಡಾ ಏಕನ್ ಮತ್ತು ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಸಂಖ್ಯೆ ಒಂದು ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನದೊಳಗೆ ಸಾಯುವ ಸಾಧ್ಯತೆ ಶೇ. 7ರಷ್ಟು ಹೆಚ್ಚುತ್ತದೆ. ಇಲ್ಲಿ ರಾಷ್ಟ್ರ ಅಥವಾ ರಾಜ್ಯದ ನೀತಿಯೇ ಬೇಕು, ಒಂದು ವಾರ್ಡಿನ ಕೈಯಲ್ಲಿ ಆಗುವ ಕೆಲಸ ಇದಲ್ಲ. ಕ್ಯಾಲಿಫೋರ್ನಿಯಾ 2004ರಲ್ಲಿ ಕನಿಷ್ಠ ಸಂಖ್ಯೆಯನ್ನು ಜಾರಿಗೆ ತಂದಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ 2016ರಲ್ಲಿ ತಂದಿತು. ಕ್ವೀನ್ಸ್‌ಲ್ಯಾಂಡಿನ ನಿಯಮದಲ್ಲಿ ಹಗಲು ನಾಲ್ಕು ರೋಗಿಗೆ ಒಬ್ಬರು, ರಾತ್ರಿ ಏಳಕ್ಕೆ ಒಬ್ಬರು. ಕ್ವೀನ್ಸ್‌ಲ್ಯಾಂಡಿನಲ್ಲಿ ಹೆಚ್ಚುವರಿ ನರ್ಸ್‌ಗಳಿಗೆ ಆದ ಖರ್ಚಿನ ಸುಮಾರು ಎರಡರಷ್ಟು ಹಣ, ರೋಗಿಗಳು ಬೇಗ ಮನೆಗೆ ಹೋದದ್ದರಿಂದ ಮತ್ತು ಮತ್ತೆ ದಾಖಲಾಗದ್ದರಿಂದ ಉಳಿಯಿತು ಎಂದು 2021ರ ಅಧ್ಯಯನ ಲೆಕ್ಕ ಹಾಕಿತು. ನಿಮ್ಮ ಆಡಳಿತದ ಮುಂದೆ ಇಡಲು ಇದು ಒಳ್ಳೆಯ ಮಾತು.

ಹಣ ತಡೆಹಿಡಿದು ಸುರಕ್ಷತೆ ತರುವ ನೀತಿಯೂ ಬಂದಿದೆ. ಆಸ್ಪತ್ರೆಯಲ್ಲೇ ಹತ್ತಿದ ಕೆಲವು ಸೋಂಕುಗಳ ಚಿಕಿತ್ಸೆಗೆ ಹೆಚ್ಚುವರಿ ಹಣ ಕೊಡುವುದನ್ನು ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2008ರಲ್ಲಿ ನಿಲ್ಲಿಸಿತು. ಅದರಿಂದ ಸೋಂಕು ಇಳಿದ ಪುರಾವೆ ಸಿಗಲಿಲ್ಲ ಎಂದು 2012ರ ಅಧ್ಯಯನ ಹೇಳಿತು. ದಂಡದ ಮೇಲೆ ನನಗೆ ಹೆಚ್ಚು ಭರವಸೆ ಇಲ್ಲ.

ಈಗ ಅತ್ಯಂತ ಕಷ್ಟದ ವಿಷಯಕ್ಕೆ ಬರುತ್ತೇನೆ, ಮಾತಾಡುವ ಧೈರ್ಯ. ಒಂದು ಉದಾಹರಣೆ ಇಟ್ಟುಕೊಳ್ಳಿ. ರಾತ್ರಿ ಶಿಫ್ಟಿನ ನರ್ಸ್ ಒಬ್ಬರು ತಪ್ಪು ರೋಗಿಗೆ ಇನ್ಸುಲಿನ್ ಕೊಡಲು ಹೋಗಿ, ಕೊನೆ ಕ್ಷಣದಲ್ಲಿ ಗಮನಿಸಿ ನಿಲ್ಲಿಸುತ್ತಾರೆ. ಯಾರಿಗೂ ಏನೂ ಆಗಲಿಲ್ಲ. ಆಕೆ ಇದನ್ನು ಬೆಳಿಗ್ಗೆ ಹೇಳುತ್ತಾರಾ? ಹೇಳಿದರೆ ಮೆಮೊ ಬರುತ್ತದೆ ಅಂತಾದರೆ ಹೇಳುವುದಿಲ್ಲ. ಆಗ ಆಸ್ಪತ್ರೆ ಕಳೆದುಕೊಂಡದ್ದು ಬಹಳ. ಯಾರಿಗೂ ನೋವಾಗದೆ ಸಿಕ್ಕ ಪಾಠ ಅದು. ಮುಂದಿನ ಸಲ ಅದೇ ಪಾಠ ಒಂದು ಜೀವ ತೆಗೆದುಕೊಂಡು ಬರಬಹುದು.

ಡೆನ್ಮಾರ್ಕಿನ ಕಾಯ್ದೆಯನ್ನು ನಾನು ಮೆಚ್ಚುವುದು ಇದೇ ಕಾರಣಕ್ಕೆ. ಅಲ್ಲಿ ಆರೋಗ್ಯ ಸಿಬ್ಬಂದಿ ಘಟನೆಯನ್ನು ವರದಿ ಮಾಡಲೇಬೇಕು. ಆದರೆ ವರದಿ ಮಾಡಿದ್ದಕ್ಕಾಗಿ ಅವರ ಮೇಲೆ ಶಿಸ್ತುಕ್ರಮ ತೆಗೆದುಕೊಳ್ಳುವಂತಿಲ್ಲ. ಎರಡೂ ಒಟ್ಟಿಗೆ ಇರಬೇಕು. ರಕ್ಷಣೆ ಕೊಡದೆ ವರದಿ ಕಡ್ಡಾಯ ಮಾಡಿದರೆ ಜನ ಸುಮ್ನೆ ಬಚ್ಚಿಡುವುದನ್ನು ಕಲಿಯುತ್ತಾರೆ.

ಹಾಗಾದರೆ ಯಾರನ್ನೂ ಏನೂ ಅನ್ನಬಾರದಾ? ಹಾಗಲ್ಲ. ಕೈತಪ್ಪಿ ಆದದ್ದು, ಅವಸರಕ್ಕೆ ಒಳದಾರಿ ಹಿಡಿದದ್ದು, ಗೊತ್ತಿದ್ದೂ ಲೆಕ್ಕಿಸದೆ ಮಾಡಿದ್ದು, ಇವು ಮೂರೂ ಬೇರೆ ಬೇರೆ. ಮೊದಲನೆಯದಕ್ಕೆ ಸಮಾಧಾನ ಹೇಳಿ ವ್ಯವಸ್ಥೆ ಸರಿಮಾಡಬೇಕು. ಎರಡನೆಯದರಲ್ಲಿ ಆ ಒಳದಾರಿ ಯಾಕೆ ಬೇಕಾಯಿತು ಎಂದು ಕೇಳಬೇಕು. ಬಹುಪಾಲು ಸಲ ಎಲ್ಲರೂ ಅದೇ ದಾರಿ ಹಿಡಿಯುತ್ತಿರುತ್ತಾರೆ, ಸಿಕ್ಕಿಬಿದ್ದವರು ಒಬ್ಬರು ಮಾತ್ರ. ಮೂರನೆಯದಕ್ಕೆ ಶಿಸ್ತುಕ್ರಮ ಬೇಕು, ಅದು ಹಿರಿಯ ಸರ್ಜನ್ ಆಗಿದ್ದರೂ ಬೇಕು. ತಪ್ಪಿನಿಂದ ರೋಗಿಗೆ ಹಾನಿಯಾದಾಗ ಆ ನರ್ಸ್ ಅಥವಾ ವೈದ್ಯರು ಒಳಗೊಳಗೇ ಕುಸಿದಿರುತ್ತಾರೆ. ಅವರ ಜೊತೆ ಅದೇ ದಿನ ಒಬ್ಬರು ಕೂತು ಮಾತಾಡಬೇಕು. ವಿಚಾರಣೆ ಆಮೇಲೆ.

ರೋಗಿಗೂ ಮನೆಯವರಿಗೂ ನಿಜ ಹೇಳಬೇಕು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಿಗೆ 2014ರಿಂದ ಇದು ಕಾನೂನಿನ ಕರ್ತವ್ಯ. ಮನೆಯವರ ಮಾತಿಗೂ ಬೆಲೆ ಕೊಡಬೇಕು. "ಏನೋ ಸರಿಯಿಲ್ಲ, ನಮ್ಮಮ್ಮ ಹೀಗಿರುವವರಲ್ಲ" ಎಂದು ಮಗಳು ಹೇಳಿದರೆ ಅದು ದೂರಲ್ಲ, ಲಕ್ಷಣ. ಕ್ವೀನ್ಸ್‌ಲ್ಯಾಂಡಿನ ರಯಾನ್ ನಿಯಮ, ಇಂಗ್ಲೆಂಡಿನಲ್ಲಿ 2024ರಲ್ಲಿ ಶುರುವಾದ ಮಾರ್ಥಾ ನಿಯಮ, ಎರಡೂ ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಹೋರಾಟದಿಂದ ಬಂದವು. ಈ ನಿಯಮಗಳ ಪ್ರಕಾರ, ರೋಗಿಯ ಸ್ಥಿತಿ ಹದಗೆಡುತ್ತಿದೆ, ನಮ್ಮ ಮಾತು ಕೇಳುತ್ತಿಲ್ಲ ಅನ್ನಿಸಿದರೆ ಮನೆಯವರು ಇನ್ನೊಂದು ತಂಡವನ್ನು ಕರೆಸಿ ಪರೀಕ್ಷೆ ಮಾಡಿಸಬಹುದು. ಇದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಫೋನ್ ನಂಬರ್, ಎತ್ತುವ ಒಬ್ಬರು ಬೇಕು.

ಶಿಫ್ಟ್ ಬದಲಾಗುವಾಗಿನ ಮಾತನ್ನೂ ಬಿಡಬೇಡಿ. ರೋಗಿಯ ವಿಷಯವನ್ನು ಒಂದು ಗೊತ್ತಾದ ಕ್ರಮದಲ್ಲಿ ಹೇಳಿ, ಕೇಳಿಸಿಕೊಂಡವರು ತಿರುಗಿ ಹೇಳುವ ಪದ್ಧತಿಯನ್ನು ಉತ್ತರ ಅಮೆರಿಕದ ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ತಂದಾಗ ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಕಡಿಮೆಯಾದವು. ಆ ಅಧ್ಯಯನ 2014ರದು.

ನಿಮಗೆ ನನ್ನ ಸಲಹೆ ಹೀಗಿದೆ. ಇಡೀ ಆಸ್ಪತ್ರೆಯನ್ನು ಒಟ್ಟಿಗೆ ಹಿಡಿಯಬೇಡಿ. ಒಂದೇ ವಾರ್ಡ್ ಆರಿಸಿ. ಅದರ ಇನ್‌ಚಾರ್ಜ್ ಸಿಸ್ಟರ್ ಮನಸ್ಸಿರುವವರಾಗಿರಲಿ. ರಾತ್ರಿ ಡ್ಯೂಟಿಯವರ ಹತ್ತಿರ ಹೋಗಿ ಒಂದು ಪ್ರಶ್ನೆ ಕೇಳಿ: "ಈ ವಾರ್ಡಿನಲ್ಲಿ ಮುಂದಿನ ರೋಗಿಗೆ ಹಾನಿಯಾದರೆ ಅದು ಯಾವುದರಿಂದ ಆಗಬಹುದು?" ಅವರಿಗೆ ಉತ್ತರ ಗೊತ್ತಿರುತ್ತದೆ. ಒಂದೇ ತರಹ ಕಾಣುವ ಎರಡು ಆಂಪೂಲ್, ಅಲಾರಂ ಕೆಟ್ಟ ಮಾನಿಟರ್, ರಾತ್ರಿ ಫೋನ್ ಎತ್ತದ ಲ್ಯಾಬ್, ಹೀಗೆ ಏನಾದರೂ ಹೇಳುತ್ತಾರೆ. ಅದರಲ್ಲಿ ಒಂದನ್ನು ಒಂದೇ ವಾರದಲ್ಲಿ ಸರಿಮಾಡಿಸಿ, ಸರಿಯಾಯಿತು ಎಂದು ಹೇಳಿದವರಿಗೇ ಹೋಗಿ ತಿಳಿಸಿ. ಹೇಳಿದರೆ ಕೆಲಸ ಆಗುತ್ತದೆ ಅನ್ನಿಸಿದಾಗ ಜನ ಮತ್ತೆ ಹೇಳುತ್ತಾರೆ. ಗಾಢ ಪೊಟ್ಯಾಸಿಯಂ ಆಂಪೂಲ್ ಆ ವಾರ್ಡಿನಲ್ಲಿ ಇದ್ದರೆ ಮಾತ್ರ ಬೇರೆಲ್ಲದಕ್ಕಿಂತ ಮೊದಲು ಅದನ್ನು ತೆಗೆಸಿ. ನೀತಿಯ ಫೈಲನ್ನೂ ಮುಚ್ಚಿಡಬೇಡಿ. ಹಣವೋ ಸಿಬ್ಬಂದಿಯೋ ಕೇಳುವಾಗ ಅದರ ಸಾಲು ತೋರಿಸಿ ಕೇಳಿ.

ಇನ್ನೊಂದು ವಿಷಯವನ್ನು ಆಡಳಿತಕ್ಕೆ ಮೊದಲೇ ಹೇಳಿಡಿ, ಬರವಣಿಗೆಯಲ್ಲಿ ಹೇಳಿದರೆ ಇನ್ನೂ ಒಳ್ಳೆಯದು. ಈ ಕೆಲಸ ಸರಿಯಾಗಿ ನಡೆದರೆ ಮೊದಲ ತಿಂಗಳುಗಳಲ್ಲಿ ಘಟನೆಗಳ ವರದಿ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಇಂಗ್ಲೆಂಡಿನ ವ್ಯವಸ್ಥೆಗೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ವರದಿಗಳು ಬರುತ್ತಿದ್ದವು. ಅದು ಆಸ್ಪತ್ರೆಗಳು ಹಾಳಾದ ಗುರುತಾಗಿರಲಿಲ್ಲ, ಜನ ಬರೆಯಲು ಶುರು ಮಾಡಿದ ಗುರುತು. ಹಾಗಾಗಿ ವರದಿಗಳ ಸಂಖ್ಯೆಯನ್ನು ಒಂದು ಕಡೆ, ರೋಗಿಗೆ ನಿಜವಾಗಿ ಆದ ಹಾನಿಯನ್ನು ಇನ್ನೊಂದು ಕಡೆ, ಬೇರೆ ಬೇರೆಯಾಗಿ ಲೆಕ್ಕ ಇಡಿ. ಮೊದಲನೆಯದು ಏರುತ್ತಿದೆ ಎಂದು ಗಾಬರಿಯಾಗಿ ಯಾರಾದರೂ ಮೆಮೊ ಬರೆಯಲು ಹೊರಟರೆ ಅವರನ್ನು ತಡೆಯುವುದು ಸಮಿತಿಯಲ್ಲಿ ನಿಮ್ಮ ಮೊದಲ ಕೆಲಸ.